ಹದಿನಾರರ ಹೆಗಲಿಗೆ ಪಿಸಿಎಂಬಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಾವು ಮಕ್ಕಳನ್ನು ಜರಡಿ ಹಿಡಿಯುತ್ತೇವೆ. 625ಕ್ಕೆ 600 ದಾಟಿದವರು ಕಣ್ಣುಮುಚ್ಚಿ ಪಿಸಿಎಂಬಿ, ನಡುವಿನವರು ಕಾಮರ್ಸ್, ಉಳಿದವರು ಆರ್ಟ್ಸ್. ಇದಕ್ಕೆ ‘ಮಾರ್ಗದರ್ಶನ’ ಎಂಬ ಹೆಸರು ಬೇರೆ.

ಅಂಕಪಟ್ಟಿ ಹೇಳುವುದು ಮಗು ಪರೀಕ್ಷೆ ಹೇಗೆ ಬರೆಯಿತು ಎಂಬುದನ್ನಷ್ಟೇ. ಯಾವ ವಿಷಯವನ್ನು ಎರಡು ವರ್ಷ ಬೇಸರವಿಲ್ಲದೆ ಓದೀತು ಎಂಬುದು ಅದರಲ್ಲಿ ಇರುವುದಿಲ್ಲ. ತರ್ಕಶಾಸ್ತ್ರ, ಮನಃಶಾಸ್ತ್ರ, ಸಂಖ್ಯಾಶಾಸ್ತ್ರ, ಐಚ್ಛಿಕ ಕನ್ನಡ ಪಿಯುಸಿಯಲ್ಲಿ ಇವೆಯೆಂದೇ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಹೆಸರೇ ಕೇಳದ್ದನ್ನು ಆರಿಸಿಕೊಳ್ಳುವುದು ಹೇಗೆ?

‘ಆರ್ಟ್ಸ್ ಓದಿ ಏನ್ ಮಾಡ್ತೀಯ?’ ಎನ್ನುವವರು ಪಿಸಿಎಂಬಿಗೆ ಅದೇ ಪ್ರಶ್ನೆ ಕೇಳುವುದಿಲ್ಲ. ಎಂಜಿನಿಯರಿಂಗ್‌ಗೆ ಜೀವಶಾಸ್ತ್ರ ಬೇಕಿಲ್ಲ, ವೈದ್ಯಕೀಯಕ್ಕೆ ಗಣಿತ ಬೇಕಿಲ್ಲ. ಆದರೂ ಎರಡನ್ನೂ ಹೊರಿಸುತ್ತೇವೆ. ಭಯ ದೊಡ್ಡವರದು, ಹೆಗಲು ಹದಿನಾರರದು.

ಸೈನ್ಸ್ ಓದಿದವರು ಮುಂದೆ ಬಿಎ ಸೇರಬಹುದು, ಆರ್ಟ್ಸ್ ಓದಿದವರು ಎಂಜಿನಿಯರಿಂಗ್ ಸೇರಲಾಗದು ಎಂಬ ವಾದವಿದೆ. ನಿಜವೇ. ಹಾಗಾದರೆ ಯಾವ ವಿಷಯ ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೆಂದು ಬಿಡಿಸಿ ಹೇಳಿ, ಹೆದರಿಸಬೇಡಿ. ಎಂಜಿನಿಯರಿಂಗ್ ಮುಗಿಸಿ ಸಾಹಿತ್ಯ ಸಂಶೋಧನೆಗೆ ಬಂದ ಗೆಳೆಯರು ನನಗಿದ್ದಾರೆ. ಜನ ಅದನ್ನು ಸ್ಫೂರ್ತಿಯ ಕಥೆ ಎನ್ನುತ್ತಾರೆ. ನನಗೆ ಕಾಣುವುದು ಆರು ವರ್ಷದ ಸುತ್ತುದಾರಿ.

ಮಾಡಬೇಕಾದ್ದು ಸಣ್ಣದು. ಪ್ರತಿ ಪ್ರೌಢಶಾಲೆಯಲ್ಲೂ ಪ್ರಥಮ ಪಿಯುಸಿಯ ಎಲ್ಲ ಐಚ್ಛಿಕ ವಿಷಯಗಳ ಪಠ್ಯಪುಸ್ತಕ ಇರಲಿ. ಹತ್ತರ ಮಕ್ಕಳು ಹತ್ತಿರದ ಪಿಯು ಕಾಲೇಜಿನಲ್ಲಿ ಒಂದು ದಿನ ಪಾಠ ಕೇಳಲಿ. ಓದಿ ನೋಡಿದ ಮಗು ‘ಇದು ಬೇಕು’ ಎಂದರೆ, ಆಮೇಲೆ ಅಂಕಪಟ್ಟಿ ತೆಗೆಯಿರಿ.