ಸುದ್ದಿಯೇ ಧಾರಾವಾಹಿಯಾದಾಗ ಬೆಲೆ ತೆರುವವರು ಯಾರು?

ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಪ್ರಕರಣದಲ್ಲಿ ಕೇಂದ್ರೀಯ ತನಿಖಾ ದಳ (ಸಿಬಿಐ) 2025ರ ಮಾರ್ಚ್‌ನಲ್ಲಿ ತನಿಖೆಯ ಮುಕ್ತಾಯ ವರದಿಯನ್ನು ಸಲ್ಲಿಸಿತು. 2020ರ ಜೂನ್ 14ರಂದು ಮುಂಬೈನ ಬಾಂದ್ರಾದಲ್ಲಿ ಸಂಭವಿಸಿದ ಆ ಸಾವಿಗೆ ಬೇರೆಯವರು ಕಾರಣರೆಂಬ ಆರೋಪಕ್ಕೆ ಪುರಾವೆ ದೊರೆಯಲಿಲ್ಲ ಎಂಬುದು ವರದಿಯ ಸಾರ. ಮೃತರ ಕುಟುಂಬ ಈ ಬಗ್ಗೆ ಅತೃಪ್ತಿ ವ್ಯಕ್ತಪಡಿಸಿದೆ. ವರದಿಯನ್ನು ಒಪ್ಪುವುದು, ಬಿಡುವುದು ನ್ಯಾಯಾಲಯದ ವಿವೇಚನೆಗೆ ಸೇರಿದ ವಿಷಯ. ಆದರೆ ಸಾಮಾನ್ಯ ಓದುಗನನ್ನು ಕಾಡಬೇಕಾದ ಪ್ರಶ್ನೆ ಬೇರೊಂದಿದೆ. ತಿಂಗಳುಗಟ್ಟಲೆ ಹಗಲಿರುಳೆನ್ನದೆ ದೇಶದ ಮನೆಮನೆಯ ನಡುಮನೆಯಲ್ಲಿ ವಿಚಾರಣೆಗೊಳಗಾಗಿ, ಅಪರಾಧಿಯೆಂದು ಘೋಷಿಸಲ್ಪಟ್ಟ ನಟಿ ರಿಯಾ ಚಕ್ರವರ್ತಿ ಅವರಿಗೆ ಮುಕ್ತಾಯ ವರದಿ ಬಂದ ದಿನ ಸಿಕ್ಕಿದ್ದೇನು? ಒಂದೆರಡು ದಿನಗಳ ಸುದ್ದಿ, ಅಲ್ಲೊಂದು ಇಲ್ಲೊಂದು ವಿಷಾದದ ನುಡಿ, ಅಷ್ಟೇ.

ಆರೋಪಕ್ಕೆ ಮೀಸಲಾದ ಕಾಲಾವಕಾಶಕ್ಕೂ ಅದರಿಂದ ಮುಕ್ತರಾದ ಸುದ್ದಿಗೆ ಮೀಸಲಾದ ಕಾಲಾವಕಾಶಕ್ಕೂ ಇರುವ ಈ ಅಂತರ ಆಕಸ್ಮಿಕವಲ್ಲ. ಸುದ್ದಿಯನ್ನು ಮನರಂಜನೆಯಾಗಿ ಮಾರುವ ವ್ಯವಸ್ಥೆಯೊಂದರ ಸಹಜ ಫಲ ಅದು. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯಲು 2020ರ ವರ್ಷವೊಂದೇ ಸಾಕು.

ಖಾಲಿಯಾದ ಪರದೆ

ಆ ವರ್ಷದ ಮಾರ್ಚ್ ಕೊನೆಯ ವಾರದಲ್ಲಿ ಲಾಕ್‌ಡೌನ್ ಜಾರಿಯಾದಾಗ ಮನರಂಜನೆಯ ಮಾಮೂಲಿ ಬಾಗಿಲುಗಳೆಲ್ಲ ಒಮ್ಮೆಲೇ ಮುಚ್ಚಿದವು. ಚಿತ್ರಮಂದಿರಗಳಿಗೆ ಬೀಗ ಬಿತ್ತು. ಧಾರಾವಾಹಿಗಳ ಚಿತ್ರೀಕರಣ ನಿಂತಿತು. ಐಪಿಎಲ್ ಕ್ರಿಕೆಟ್ ಮುಂದಕ್ಕೆ ಹೋಯಿತು. ಕೊನೆಗೆ ಸೆಪ್ಟೆಂಬರ್ 19ರಂದು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಆರಂಭವಾಯಿತು. ದೂರದರ್ಶನ ಮಾರ್ಚ್ 28ರಿಂದ ರಮಾನಂದ ಸಾಗರ್ ಅವರ ಹಳೆಯ 'ರಾಮಾಯಣ'ವನ್ನು ಮರುಪ್ರಸಾರ ಮಾಡಬೇಕಾಯಿತು. ದಶಕಗಳಿಂದ ಡಬ್ಬಿಂಗ್ ಅನ್ನು ದೂರವಿಟ್ಟಿದ್ದ ಕನ್ನಡ ಕಿರುತೆರೆಯಲ್ಲೂ ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡದಲ್ಲಿ ಮಾತನಾಡತೊಡಗಿದ್ದು ಆ ದಿನಗಳಲ್ಲಿಯೇ.

ಮನೆಯೊಳಗೇ ಉಳಿದ ಕೋಟ್ಯಂತರ ಪ್ರೇಕ್ಷಕರ ಮುಂದೆ ಹೊಸದೆಂಬುದು ಇದ್ದದ್ದು ಸುದ್ದಿ ವಾಹಿನಿಗಳಲ್ಲಿ ಮಾತ್ರ. ಜೂನ್‌ನಲ್ಲಿ ಸುಶಾಂತ್ ಸಾವು ಸಂಭವಿಸಿದಾಗ, ಧಾರಾವಾಹಿಯೊಂದಕ್ಕೆ ಬೇಕಾದ ಸಕಲ ಸಾಮಗ್ರಿಯೂ ಅದರಲ್ಲಿತ್ತು: ಸಣ್ಣ ಊರಿನಿಂದ ಬಂದ ಪ್ರತಿಭಾವಂತ ನಾಯಕ, ಶ್ರೀಮಂತರ ಕೂಟ, ಕಣ್ಣೀರಿಡುವ ಕುಟುಂಬ. ಕೊರತೆಯಿದ್ದದ್ದು ಖಳನಾಯಕಿಯದ್ದು. ಆ ಸ್ಥಾನಕ್ಕೆ ಮೃತನ ಗೆಳತಿಯನ್ನು ಆರಿಸಲಾಯಿತು.

ಮುಂದಿನದ್ದು ಬಹುತೇಕರಿಗೆ ನೆನಪಿದೆ. ಬಂಗಾಳಿ ಹೆಂಗಸರು ಮಾಟ ಮಾಡಿ ಗಂಡಸರನ್ನು ವಶಪಡಿಸಿಕೊಳ್ಳುತ್ತಾರೆ ಎಂಬ, ಉತ್ತರ ಭಾರತದಲ್ಲಿ ಬಹುಕಾಲದಿಂದ ಓಡಾಡುತ್ತಿದ್ದ ಮೂಢ ಮಾತು ಸ್ಟುಡಿಯೋಗಳ ಚರ್ಚೆಯ ವಸ್ತುವಾಯಿತು. ರಿಯಾ ಮನೆಯ ಮುಂದೆ ಮೈಕು ಹಿಡಿದವರ ದಂಡು ಬೀಡುಬಿಟ್ಟಿತು. ಅವರ ತಂದೆ ಮನೆಯ ಬಾಗಿಲು ದಾಟಲು ಪರದಾಡಬೇಕಾಯಿತು. ಕಟ್ಟಡಕ್ಕೆ ಬಂದ ಡೆಲಿವರಿ ಹುಡುಗನನ್ನೂ ವರದಿಗಾರರು ಮುತ್ತಿಕೊಂಡರು. ಸೆಪ್ಟೆಂಬರ್ 8ರಂದು ಮಾದಕವಸ್ತು ನಿಯಂತ್ರಣ ದಳ (ಎನ್‌ಸಿಬಿ) ಆಕೆಯನ್ನು ಬಂಧಿಸಿತು. ಅಕ್ಟೋಬರ್ 7ರಂದು ಬಾಂಬೆ ಹೈಕೋರ್ಟ್ ಜಾಮೀನು ನೀಡಿತು.

ಪೂರ್ವಗ್ರಹವೆಂಬ ಅಗ್ಗದ ಕಚ್ಚಾ ಸರಕು

ವಾಹಿನಿಗಳು ಹೀಗೇಕೆ ಮಾಡುತ್ತವೆ ಎಂಬ ಪ್ರಶ್ನೆಗೆ 'ಟಿಆರ್‌ಪಿ' ಎಂಬ ಮೂರಕ್ಷರದ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಸರಿ, ಆದರೆ ಅಪೂರ್ಣ. ದೇಶದಲ್ಲಿ ಸುಮಾರು 20 ಕೋಟಿ ಮನೆಗಳಲ್ಲಿ ಟಿವಿ ಇದ್ದ ಆ ಕಾಲದಲ್ಲಿ ವೀಕ್ಷಣೆಯನ್ನು ಅಳೆಯುವ ಯಂತ್ರ ಇದ್ದದ್ದು ಅಂದಾಜು 44,000 ಮನೆಗಳಲ್ಲಿ. ಇಷ್ಟು ಸಣ್ಣ ಮಾದರಿಯೇ ಜಾಹೀರಾತಿನ ಹಣ ಯಾರ ಪಾಲಿಗೆ ಎಂಬುದನ್ನು ನಿರ್ಧರಿಸುತ್ತದೆ. ವಿವಾದ ಎದ್ದ ಬಳಿಕ ಅಳತೆಯ ಹೊಣೆ ಹೊತ್ತ ಬಾರ್ಕ್ ಸಂಸ್ಥೆ 2020ರ ಅಕ್ಟೋಬರ್‌ನಲ್ಲಿ ಸುದ್ದಿ ವಾಹಿನಿಗಳ ರೇಟಿಂಗ್ ಪ್ರಕಟಣೆಯನ್ನು ತಡೆಹಿಡಿಯಿತು. ಅದು ಪುನರಾರಂಭವಾದದ್ದು 2022ರ ಮಾರ್ಚ್‌ನಲ್ಲಿ.

ಇದರ ಜತೆಗೆ ಖರ್ಚಿನ ಲೆಕ್ಕವೂ ಇದೆ. ಜಿಲ್ಲೆಗೊಬ್ಬ ವರದಿಗಾರನನ್ನಿಟ್ಟು, ದಾಖಲೆ ಹುಡುಕಿಸಿ, ಎರಡು ಕಡೆಯ ಮಾತು ಕೇಳಿ ವರದಿ ಸಿದ್ಧಪಡಿಸಲು ದಿನಗಳೂ ಬೇಕು, ಹಣವೂ ಬೇಕು. ಆರು ಜನರನ್ನು ಕೂರಿಸಿ ಪರಸ್ಪರ ಕೂಗಾಡಿಸಲು ಒಂದು ಗಂಟೆ ಸಾಕು. ಆ ಒಂದು ಗಂಟೆಯನ್ನು ತುಂಬಲು ಹೊಸ ಮಾಹಿತಿ ಇಲ್ಲದಿದ್ದಾಗ ನೆರವಿಗೆ ಬರುವುದು ಪ್ರೇಕ್ಷಕನ ಮನಸ್ಸಿನಲ್ಲಿ ಮೊದಲೇ ಮನೆಮಾಡಿಕೊಂಡಿರುವ ಗುಮಾನಿ. ಸಿನಿಮಾದವರು ಹೀಗೆಯೇ, ಒಂಟಿ ಹೆಂಗಸರು ಹೀಗೆಯೇ, ಇಂಥ ಧರ್ಮದವರು ಹೀಗೆಯೇ, ಇಂಥ ಪ್ರಾಂತ್ಯದವರು ಹೀಗೆಯೇ ಎಂಬ ಮಾತುಗಳಿಗೆ ಸಾಕ್ಷ್ಯ ಒದಗಿಸುವ ಅಗತ್ಯವಿಲ್ಲ. ಕೇಳುವವನು ತಾನೇ ತಲೆದೂಗುತ್ತಾನೆ. ಪೂರ್ವಗ್ರಹ ಬಿಟ್ಟಿಯಾಗಿ ಸಿಗುವ ಕಥಾವಸ್ತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಇದರ ಇನ್ನೊಂದು ಮುಖ ಕಾಣಿಸಿಕೊಂಡಿತ್ತು. ದೆಹಲಿಯ ನಿಜಾಮುದ್ದೀನ್‌ನಲ್ಲಿ ನಡೆದ ತಬ್ಲೀಗಿ ಜಮಾತ್ ಸಮಾವೇಶದಲ್ಲಿ ಭಾಗವಹಿಸಿದ್ದವರಲ್ಲಿ ಸೋಂಕು ಪತ್ತೆಯಾದಾಗ, ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿದ್ದ ವಿಷಯ ಹಲವು ವಾಹಿನಿಗಳಲ್ಲಿ ಇಡೀ ಸಮುದಾಯದ ಮೇಲಿನ ಆರೋಪವಾಗಿ ಮಾರ್ಪಟ್ಟಿತು. ಅದರ ಬಿಸಿ ತಟ್ಟಿದ್ದು ತಳ್ಳುಗಾಡಿಯಲ್ಲಿ ಹಣ್ಣು, ತರಕಾರಿ ಮಾರುವವರಿಗೆ. ಹೆಸರು ಕೇಳಿ ವ್ಯಾಪಾರ ಮಾಡುವ, ಹೆಸರು ಕೇಳಿ ಬೀದಿಯಿಂದ ಅಟ್ಟುವ ಘಟನೆಗಳು ದೇಶದ ಹಲವೆಡೆ ನಡೆದವು. ಕರ್ನಾಟಕದಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರೇ, ಸೋಂಕಿನ ನೆಪದಲ್ಲಿ ಒಂದು ಸಮುದಾಯವನ್ನು ದೂಷಿಸುವವರ ವಿರುದ್ಧ ಕ್ರಮ ಕೈಗೊಳ್ಳುವುದಾಗಿ ಎಚ್ಚರಿಸಬೇಕಾಯಿತು. ಆಗಸ್ಟ್ 21ರಂದು ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ಜಮಾತ್‌ನ ವಿದೇಶಿ ಸದಸ್ಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲು ಯತ್ನಿಸಿದಂತೆ ಕಾಣುತ್ತದೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿತು. ಮಾಧ್ಯಮಗಳ ಪ್ರಚಾರವನ್ನೂ ಟೀಕಿಸಿತು. ವಿದೇಶಿಯರಿಗೆ ಆಶ್ರಯ ನೀಡಿದ ಆರೋಪ ಹೊತ್ತಿದ್ದ 70 ಭಾರತೀಯರ ಮೇಲಿನ ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ರದ್ದುಪಡಿಸಿದ್ದು 2025ರ ಜುಲೈನಲ್ಲಿ, ಐದು ವರ್ಷಗಳ ನಂತರ. ಆ ವೇಳೆಗೆ ತಳ್ಳುಗಾಡಿಯವನ ಅಂದಿನ ನಷ್ಟ ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

ನಮ್ಮ ಅಂಗಳದಲ್ಲಿ

ಇದೆಲ್ಲ ಮುಂಬೈ, ದೆಹಲಿಯ ಹಿಂದಿ ವಾಹಿನಿಗಳ ರೋಗ ಎಂದು ಕೈತೊಳೆದುಕೊಳ್ಳಲು ಕನ್ನಡಿಗರಿಗೆ ಅವಕಾಶವಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮಾದಕವಸ್ತು ಪ್ರಕರಣದ ತನಿಖೆ ಚುರುಕಾದಾಗ ಸಿಸಿಬಿ ಪೊಲೀಸರು ನಟಿಯರಾದ ರಾಗಿಣಿ ದ್ವಿವೇದಿ ಮತ್ತು ಸಂಜನಾ ಗಲ್ರಾನಿ ಅವರನ್ನು ಬಂಧಿಸಿದರು. ಸಂಜನಾ ಅವರಿಗೆ ಡಿಸೆಂಬರ್‌ನಲ್ಲಿ ಹೈಕೋರ್ಟ್‌ನಿಂದ, ರಾಗಿಣಿ ಅವರಿಗೆ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ನಿಂದ ಜಾಮೀನು ದೊರೆಯಿತು. ಸಂಜನಾ ವಿರುದ್ಧದ ಪ್ರಕರಣವನ್ನು 2024ರಲ್ಲಿ, ರಾಗಿಣಿ ವಿರುದ್ಧದ ಪ್ರಕರಣವನ್ನು 2025ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಪಡಿಸಿತು.

ಬಂಧನದ ದಿನಗಳಲ್ಲಿ ಕನ್ನಡದ ಪರದೆ ಹೇಗಿತ್ತು ಎಂಬುದನ್ನು ನೆನೆಯಬಹುದು. ನಟಿಯರ ಉಡುಗೆ, ಗೆಳೆತನ, ಪಾರ್ಟಿ, ಮನೆಯ ಬಾಡಿಗೆ, ಹಳೆಯ ಚಿತ್ರಗಳ ಹಾಡಿನ ದೃಶ್ಯ ಎಲ್ಲವೂ 'ಸಾಕ್ಷ್ಯ'ದಂತೆ ಪ್ರದರ್ಶಿತವಾದವು. ಮಾದಕವಸ್ತು ಜಾಲ ಎಲ್ಲಿಂದ ಬರುತ್ತದೆ, ಯಾರು ಹಣ ಹೂಡುತ್ತಾರೆ ಎಂಬ ಗಂಭೀರ ಪ್ರಶ್ನೆ ಹಿನ್ನೆಲೆ ಸಂಗೀತದ ಅಬ್ಬರದಲ್ಲಿ ಕೇಳಿಸದಾಯಿತು. ಪೂರ್ವಗ್ರಹದ ಎರಡನೆಯ ಹಾನಿ ಇದು: ಅದು ತಪ್ಪು ಮಾಡದವರನ್ನು ನೋಯಿಸುವುದಷ್ಟೇ ಅಲ್ಲದೆ, ತಪ್ಪು ಮಾಡಿದವರನ್ನು ಹುಡುಕುವ ಕೆಲಸವನ್ನೂ ದಾರಿ ತಪ್ಪಿಸುತ್ತದೆ.

ಇಂಥ ಕಥನದ ಪರಿಣಾಮ ತಾರೆಯರಿಗಷ್ಟೇ ಸೀಮಿತವಾಗುವುದಿಲ್ಲ. ಮಹಾನಗರದಲ್ಲಿ ಬಾಡಿಗೆ ಮನೆ ಕೇಳಲು ಹೋದ ಅವಿವಾಹಿತ ಯುವತಿಗೆ 'ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀರಿ, ಯಾರು ಯಾರು ಬರುತ್ತಾರೆ' ಎಂಬ ಪ್ರಶ್ನೆ ಎದುರಾಗುವುದು ಹೊಸದೇನಲ್ಲ. ಪರದೆಯ ಮೇಲೆ ಪ್ರತಿರಾತ್ರಿ ನಡೆಯುವ ವಿಚಾರಣೆ ಆ ಪ್ರಶ್ನೆಗೆ ಗೌರವದ ಮುದ್ರೆ ಒತ್ತುತ್ತದೆ. ಮನೆ ಮಾಲೀಕ, ನೆರೆಮನೆಯವರು, ಮದುವೆಯ ಮಾತುಕತೆಗೆ ಬಂದವರು, ಕೆಲಸಕ್ಕೆ ಸಂದರ್ಶನ ಮಾಡುವವರು ಎಲ್ಲರೂ ಅದೇ ಕನ್ನಡಕದಿಂದ ನೋಡತೊಡಗುತ್ತಾರೆ. ನಟಿಗೆ ವಕೀಲರಾದರೂ ಇರುತ್ತಾರೆ. ಬಾಡಿಗೆ ಮನೆ ತಪ್ಪಿದ ಹುಡುಗಿಗೆ ಮೇಲ್ಮನವಿ ಸಲ್ಲಿಸಲು ಯಾವ ಪೀಠವಿದೆ?

ಎರಡು ಬಗೆಯ ಒತ್ತಡ

ಮಾಧ್ಯಮಗಳ ಪರವಾಗಿ ಹೇಳಬೇಕಾದ ಮಾತೂ ಇದೆ. ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದಲ್ಲಿ 2006ರ ಫೆಬ್ರವರಿಯಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಖುಲಾಸೆ ಮಾಡಿದಾಗ ಸುಮ್ಮನಿರದೆ ದನಿಯೆತ್ತಿದ್ದು ಪತ್ರಿಕೆಗಳು ಮತ್ತು ವಾಹಿನಿಗಳು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮನು ಶರ್ಮಾನನ್ನು ಅಪರಾಧಿಯೆಂದು ಘೋಷಿಸಿತು. ಮಾಧ್ಯಮದ ಒತ್ತಡವೆಲ್ಲ ಕೆಟ್ಟದ್ದು ಎನ್ನುವವರು ಈ ಪ್ರಕರಣವನ್ನು ಮರೆಯಬಾರದು.

ಆದರೆ ಎರಡಕ್ಕೂ ಇರುವ ವ್ಯತ್ಯಾಸ ಸ್ಪಷ್ಟ. 2006ರಲ್ಲಿ ಪ್ರಶ್ನೆ ಎದ್ದದ್ದು ತನಿಖೆ, ವಿಚಾರಣೆ ಮುಗಿದ ಮೇಲೆ, ನ್ಯಾಯಾಲಯದ ಕಡತದಲ್ಲಿದ್ದ ಸಾಕ್ಷ್ಯಗಳ ಆಧಾರದ ಮೇಲೆ, ಪ್ರಭಾವಿ ರಾಜಕಾರಣಿಯ ಮಗನ ವಿರುದ್ಧ. 2020ರಲ್ಲಿ ತನಿಖೆ ಮುಗಿಯುವ ಮೊದಲೇ, ಊಹೆಯ ಆಧಾರದ ಮೇಲೆ, ತಿರುಗಿ ಮಾತನಾಡಲು ಬಲವಿಲ್ಲದವರ ವಿರುದ್ಧ ಬೆರಳು ತೋರಿಸಲಾಯಿತು. ಒಂದು ಅಧಿಕಾರವನ್ನು ಪ್ರಶ್ನಿಸಿದ ಪತ್ರಿಕೋದ್ಯಮ; ಇನ್ನೊಂದು ಗುಂಪಿನ ಜತೆ ಸೇರಿ ಕಲ್ಲೆಸೆದ ಪ್ರದರ್ಶನ.

ಕೋಟೆ ಬಾಗಿಲು

ಪರಿಹಾರದ ವ್ಯವಸ್ಥೆ ಇಲ್ಲವೇ ಎಂದರೆ, ಇದೆ. ಬಾಂಬೆ ಹೈಕೋರ್ಟ್ 2021ರ ಜನವರಿ 18ರಂದು ನೀಡಿದ ತೀರ್ಪಿನಲ್ಲಿ ಮಾಧ್ಯಮ ವಿಚಾರಣೆಯು ನ್ಯಾಯದಾನಕ್ಕೆ ಅಡ್ಡಿಯಾಗುತ್ತದೆ ಎಂದಿತು. ರಿಪಬ್ಲಿಕ್ ಮತ್ತು ಟೈಮ್ಸ್ ನೌ ವಾಹಿನಿಗಳ ಕೆಲವು ವರದಿಗಳು ಮೇಲ್ನೋಟಕ್ಕೆ ನ್ಯಾಯಾಂಗ ನಿಂದನೆಯಂತಿವೆ ಎಂದರೂ ಕ್ರಮ ಜರುಗಿಸಲಿಲ್ಲ. ಅಪರಾಧದ ಮರುಸೃಷ್ಟಿ, ಸಾಕ್ಷಿಗಳ ಸಂದರ್ಶನ, ವ್ಯಕ್ತಿಯ ಚಾರಿತ್ರ್ಯದ ವಿಮರ್ಶೆ ಕೂಡದು ಎಂಬ ಮಾರ್ಗಸೂಚಿಯನ್ನು ಮಾತ್ರ ನೀಡಿತು. ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆಗೆ ಸಾಕ್ಷ್ಯದ ಬೆಲೆಯಿಲ್ಲ ಎಂಬುದನ್ನು ವೀಕ್ಷಕರಿಗೆ ತಿಳಿಸದೆ ಅದನ್ನು ಪ್ರಸಾರ ಮಾಡಬಾರದೆಂದೂ ಹೇಳಿತು.

ಸುದ್ದಿ ವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರವು ಸುಶಾಂತ್ ಹೆಸರಿನ ನಕಲಿ ಟ್ವೀಟ್‌ಗಳನ್ನು ಪ್ರಸಾರ ಮಾಡಿದ್ದಕ್ಕಾಗಿ 2020ರ ಅಕ್ಟೋಬರ್‌ನಲ್ಲಿ ಆಜ್ ತಕ್ ವಾಹಿನಿಗೆ 1 ಲಕ್ಷ ರೂಪಾಯಿ ದಂಡ ವಿಧಿಸಿತು. ಅದರ ಅಧಿಕಾರದ ಗರಿಷ್ಠ ಮಿತಿಯೇ ಅಷ್ಟು. ಕಾರ್ಯಕ್ರಮವೊಂದರಿಂದ ಬರುವ ಲಾಭದ ಮುಂದೆ ಈ ದಂಡ ಏನೇನೂ ಸಾಲದು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅತೃಪ್ತಿ ವ್ಯಕ್ತಪಡಿಸಿತು. ಮರು ತಿಂಗಳು, ಪೊಲೀಸರು ಮಾಧ್ಯಮಗಳಿಗೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬ ಕುರಿತು ಕೈಪಿಡಿ ರೂಪಿಸುವಂತೆ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ಈ ಸೂಚನೆ ಮುಖ್ಯವಾದದ್ದು. ಏಕೆಂದರೆ ವಾಹಿನಿಯ ಧಾರಾವಾಹಿಗೆ ನಿತ್ಯದ ಕಂತು ಒದಗಿಸುವುದು ಹಲವು ಬಾರಿ ತನಿಖಾ ಸಂಸ್ಥೆಯಿಂದಲೇ ಸೋರುವ 'ಮೂಲಗಳ ಪ್ರಕಾರ' ಎಂಬ ಮಾಹಿತಿ. ಇವೆಲ್ಲವೂ ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ತಡವಾಗಿ ಬಂದವು ಎಂಬುದು ಬೇರೆ ಮಾತು.

ಆ ಬಾಗಿಲು ಎಲ್ಲರ ಪಾಲಿಗೂ ತಡವಾಗಿ ಮುಚ್ಚುವುದಿಲ್ಲ ಎಂಬುದೂ ಗಮನಾರ್ಹ. 2021ರ ಮಾರ್ಚ್‌ನಲ್ಲಿ ಕರ್ನಾಟಕದ ಆರು ಸಚಿವರು ತಮ್ಮ ವಿರುದ್ಧ ಮಾನಹಾನಿಕರ ಸುದ್ದಿ ಬರಬಹುದೆಂಬ ಆತಂಕದಿಂದ ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಮೆಟ್ಟಿಲೇರಿದರು. ಸುದ್ದಿ ಬರುವ ಮೊದಲೇ 68 ಮಾಧ್ಯಮ ಸಂಸ್ಥೆಗಳ ವಿರುದ್ಧ ತಡೆಯಾಜ್ಞೆ ದೊರೆಯಿತು. ಅಧಿಕಾರವಿದ್ದವರಿಗೆ ಮುಂಗಡ ರಕ್ಷಣೆ, ಇಲ್ಲದವರಿಗೆ ಐದು ವರ್ಷದ ನಂತರ ಒಂದು ಸಾಲಿನ ಸುದ್ದಿ. ಪ್ರಶ್ನಿಸಲೇಬೇಕಾದವರ ಮುಂದೆ ಮೌನ, ಪ್ರಶ್ನಿಸುವ ಅಗತ್ಯವೇ ಇಲ್ಲದವರ ಮೇಲೆ ಅಬ್ಬರ ಎಂಬಂತಾದರೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಅರ್ಥವೇನು ಉಳಿಯುತ್ತದೆ?

ಸುದ್ದಿ ರಂಜಿಸಬಾರದೆಂಬ ಕಟ್ಟಳೆ ಯಾರೂ ವಿಧಿಸಲಾರರು. ದಿನವಿಡೀ ದುಡಿದು ಬಂದವರು ಪರದೆಯ ಮುಂದೆ ಕೂರುವುದು ಸಹಜ, ಕುತೂಹಲವೂ ಸಹಜ. ಕಾನೂನಿನಿಂದ ಬಾಯಿ ಕಟ್ಟುವ ಮಾರ್ಗ ಆಳುವವರ ಕೈಗೆ ಇನ್ನೊಂದು ಅಸ್ತ್ರ ಕೊಟ್ಟಂತಾಗುತ್ತದೆ. ಆದರೆ ಒಂದು ಸರಳ ನಿಯಮವನ್ನು ಮಾಧ್ಯಮ ಸಂಸ್ಥೆಗಳು ತಾವೇ ಒಪ್ಪಿಕೊಳ್ಳಬಹುದು: ಆರೋಪವನ್ನು ಯಾವ ಹೊತ್ತಿನಲ್ಲಿ, ಯಾವ ಗಾತ್ರದ ಅಕ್ಷರದಲ್ಲಿ ಹೇಳಲಾಯಿತೋ, ಪ್ರಕರಣ ರದ್ದಾದ ಸುದ್ದಿಯನ್ನೂ ಅದೇ ಹೊತ್ತಿನಲ್ಲಿ, ಅದೇ ಗಾತ್ರದಲ್ಲಿ ಹೇಳುವುದು. ಇದಕ್ಕೆ ಹೊಸ ಕಾನೂನು ಬೇಡ, ಹೆಚ್ಚಿನ ಖರ್ಚೂ ಇಲ್ಲ. ವೀಕ್ಷಕರ ಪಾಲಿಗೂ ಒಂದು ಕೆಲಸವಿದೆ. ಯಾರದೋ ಬಂಧನದ ದೃಶ್ಯ ನೂರನೆಯ ಬಾರಿ ಮೂಡಿಬಂದಾಗ, ಈತನ ಅಥವಾ ಈಕೆಯ ವಿರುದ್ಧ ಸಾಬೀತಾಗಿರುವುದೇನು ಎಂದು ಕೇಳಿಕೊಳ್ಳುವುದು. ಉತ್ತರ ಸಿಗದಿದ್ದರೆ ರಿಮೋಟ್ ಅವರ ಕೈಯಲ್ಲೇ ಇದೆ.