ಮಳೆಯ ಕಡೆಗೆ ಮೂವತ್ತೈದು ಕಿಲೋಮೀಟರ್

ಹೋದ ತಿಂಗಳು ಸಿಂಹಗಡದ ಏರಿನ ಬಗ್ಗೆ ಬರೆದ ಮೇಲೆ ಮುಂಬೈ, ಪುಣೆಯ ಕೆಲವು ಓದುಗರು ಕೇಳಿದ್ದರು: ನಾಸಿಕ್‌ನಲ್ಲೇ ಇದ್ದೀರಿ, ಅಲ್ಲಿನ ದ್ರಾಕ್ಷಿ ತೋಟಗಳ ರಸ್ತೆ ಬಿಟ್ಟು ಬೇರೆಲ್ಲ ಬರೆಯುತ್ತೀರಲ್ಲ ಎಂದು. ನ್ಯಾಯವಾದ ಪ್ರಶ್ನೆ. ನಾಲ್ಕು ವರ್ಷದಿಂದ ವಾರಕ್ಕೆ ಎರಡು ಸಲವಾದರೂ ತುಳಿಯುವ ರಸ್ತೆ ಅದು. ನಾಸಿಕ್ ನಗರದಿಂದ ಗಂಗಾಪುರ ರಸ್ತೆ ಹಿಡಿದು, ಅಣೆಕಟ್ಟೆಯ ಬದಿಯಿಂದ ಗಿರ್ನಾರೆ, ಧೋಂಡೆಗಾಂವ್ ದಾಟಿ, ವಾಘೇರಾ ಘಾಟಿನವರೆಗೆ. ಹೋಗಲು ಸುಮಾರು ಮೂವತ್ತೈದು ಕಿಲೋಮೀಟರ್, ಬರಲು ಅಷ್ಟೇ. ಕೆರೆಯಂಥ ಹಿನ್ನೀರು, ದ್ರಾಕ್ಷಿ, ಸಹ್ಯಾದ್ರಿಯ ಬುಡ, ಮೂರೂ ಒಂದೇ ಬೆಳಿಗ್ಗೆಯಲ್ಲಿ ಸಿಗುತ್ತವೆ.

ಮೊದಲ ಹತ್ತು ಕಿಲೋಮೀಟರಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಅಪಾರ್ಟ್‌ಮೆಂಟು, ಮದುವೆ ಲಾನ್‌ಗಳು, ಮಿಸಳ್ ಅಂಗಡಿಗಳು. ಸೋಮೇಶ್ವರ ದಾಟಿದ ಮೇಲೆ ರಸ್ತೆ ಉಸಿರಾಡುತ್ತದೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಆರೂವರೆಗೆ ಇಲ್ಲಿ ಎಷ್ಟು ಚಳಿ ಎಂದರೆ ಬ್ರೇಕ್ ಹಿಡಿದ ಬೆರಳು ನಿಮ್ಮದೇ ಎಂದು ಗೊತ್ತಾಗುವುದಿಲ್ಲ. ನಾಸಿಕ್ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲು, ರಾತ್ರಿ ತಂಪು. ದ್ರಾಕ್ಷಿಗೆ ಬೇಕಾದದ್ದೂ ಇದೇ.

ಸೈಕಲ್ ಮೇಲೆ ಕೂತರೆ ತೋಟದಿಂದ ತೋಟಕ್ಕೆ ವ್ಯತ್ಯಾಸ ಕಾಣುತ್ತದೆ, ಕಾರಿನಲ್ಲಿ ಎಲ್ಲವೂ ಒಂದೇ ಹಸಿರು. ಕಂಬಿಗಳು ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದು ಬಳ್ಳಿಯನ್ನು ಎರಡೂ ಕಡೆ ಹರಡಿಸಿದ್ದರೆ, ಅಥವಾ ತಲೆಯ ಮೇಲೆ ಚಪ್ಪರ ಹಾಕಿದ್ದರೆ, ಅದು ತಿನ್ನುವ ದ್ರಾಕ್ಷಿ. ತಂತಿಯ ಮೇಲೆ ಬಳ್ಳಿ ನೆಟ್ಟಗೆ ಗೋಡೆಯಂತೆ ನಿಂತಿದ್ದರೆ ವೈನ್ ದ್ರಾಕ್ಷಿ. ಇದು ಚಿಕ್ಕ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ. ಒಂದು ಗೊನೆ ಬಾಯಿಗೆ ಹಾಕಿಕೊಂಡರೆ ಮಕ್ಕಳು ಮುಖ ಕಿವುಚುತ್ತಾರೆ. ಜಗತ್ತಿಗೆ ನಾಸಿಕ್ ವೈನ್ ರಾಜಧಾನಿ ಎಂದು ಪರಿಚಯ, ಆದರೆ ಇಲ್ಲಿನ ತೋಟಗಳಲ್ಲಿ ಬಹುಪಾಲು ಮೇಜಿನ ಮೇಲಿಟ್ಟು ತಿನ್ನುವ, ಹಡಗು ಹತ್ತಿ ಯುರೋಪಿಗೆ ಹೋಗುವ ಬೀಜವಿಲ್ಲದ ದ್ರಾಕ್ಷಿಯೇ. ವೈನಿನದ್ದು ಸಣ್ಣ ಪಾಲು, ದೊಡ್ಡ ಹೆಸರು.

ಇನ್ನೊಂದು ಸಂಗತಿ ನನಗೆ ಇಲ್ಲಿಗೆ ಬಂದ ಮೇಲೇ ಗೊತ್ತಾದದ್ದು. ಚಳಿಗಾಲದಲ್ಲಿ ಹಿಮ ಬೀಳುವ ದೇಶಗಳಲ್ಲಿ ಬಳ್ಳಿ ತಾನೇ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಏಪ್ರಿಲ್ ಹೊತ್ತಿಗೆ ಒಮ್ಮೆ, ಕಡ್ಡಿ ಬಲಿಯಲೆಂದು. ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ, ಹಣ್ಣು ಬರಲೆಂದು. ಬೆಳೆ ಮಾತ್ರ ಒಂದೇ, ಜನವರಿಯಿಂದ ಮಾರ್ಚ್‌ವರೆಗೆ. ಇಲ್ಲಿನವರು ಸವರುವುದಕ್ಕೆ 'ಛಾಟಣಿ' ಎನ್ನುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಓದುಗರಿಗೆ ಈ ಪದ ಹೊಸದೇನಲ್ಲ, ನಿಮ್ಮ ದ್ರಾಕ್ಷಿ ಬೆಳೆಗಾರರೂ 'ಚಾಟ್ನಿ' ಅಂತಲೇ ಅನ್ನುತ್ತಾರಲ್ಲ! ನಾಸಿಕ್‌ಗೆ ಬಂದ ಹೊಸದರಲ್ಲಿ ನನ್ನ ಮರಾಠಿ ತಡವರಿಸುತ್ತಿದ್ದಾಗ ಧೈರ್ಯ ಕೊಟ್ಟ ಪದಗಳಲ್ಲಿ ಇದೂ ಒಂದು.

ಗೋವರ್ಧನ ಗ್ರಾಮ ಬಂದಾಗ ಸುಲಾ ಸಿಗುತ್ತದೆ. ಐಟಿಯವರು ಆಫೀಸಿನಲ್ಲಿ ಬೇಸರ ಬಂದಾಗಲೆಲ್ಲ ಹೇಳಿಕೊಳ್ಳುವ ಕಥೆ ಇದು: ರಾಜೀವ್ ಸಾಮಂತ್ ಎಂಬವರು ಕ್ಯಾಲಿಫೋರ್ನಿಯಾದಲ್ಲಿ ಒರಾಕಲ್ ಕಂಪನಿಯ ಕೆಲಸ ಬಿಟ್ಟು ಊರಿಗೆ ಬಂದು ಕುಟುಂಬದ ಜಮೀನಿನಲ್ಲಿ ವೈನ್ ದ್ರಾಕ್ಷಿ ನೆಟ್ಟರು. 2000ದಲ್ಲಿ ಮೊದಲ ಬಾಟಲಿ ಹೊರಬಂತು. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆಂದೇ ಒಂದು ನೀತಿ ತಂದು ತೆರಿಗೆ ವಿನಾಯಿತಿ ಕೊಟ್ಟಿತು. ಆಮೇಲೆ ದಿಂಡೋರಿ, ಇಗತ್ಪುರಿ ಕಡೆ ಒಂದರ ಹಿಂದೊಂದು ವೈನರಿಗಳು ಬಂದವು. ಕೆಲಸ ಬಿಟ್ಟು ದ್ರಾಕ್ಷಿ ನೆಡುತ್ತೇನೆ ಎಂದು ಹೊರಟ ನನ್ನ ಸಹೋದ್ಯೋಗಿಗಳೆಲ್ಲ ಮೊದಲು ಜಮೀನಿನ ಬೆಲೆ ಕೇಳಿ, ನಂತರ ಮತ್ತೆ ಲ್ಯಾಪ್‌ಟಾಪ್ ತೆರೆದಿದ್ದಾರೆ.

ವೈನರಿಗೆ ಹೋಗಬೇಡಿ ಎನ್ನುವ ಸನ್ಯಾಸಿ ನಾನಲ್ಲ. ಆದರೆ ಸೈಕಲ್ ಮನೆಯಲ್ಲಿಟ್ಟು, ಸ್ನಾನ ಮಾಡಿ, ಊಟದ ಹೊತ್ತಿಗೆ ಬೇರೆ ಯಾರೋ ಕರೆದುಕೊಂಡು ಹೋಗುವಂತೆ ಹೋಗಿ. ಮೋಟಾರು ವಾಹನ ಕಾಯ್ದೆಯ ಕುಡುಕ ಚಾಲಕರ ಕಲಮು ಸೈಕಲ್ಲಿಗೆ ಅನ್ವಯಿಸುವುದಿಲ್ಲ ಎಂದು ಒಬ್ಬ ಗೆಳೆಯ ವಾದಿಸುತ್ತಾನೆ. ಇಳಿಜಾರಿನಲ್ಲಿ ಎದುರು ಬರುವ ಟ್ರ್ಯಾಕ್ಟರಿಗೆ ಈ ಕಾಯ್ದೆ ಓದಿ ಹೇಳುವವರು ಯಾರು? ಶನಿವಾರ, ಭಾನುವಾರ ಮಧ್ಯಾಹ್ನದ ಮೇಲಂತೂ ಈ ರಸ್ತೆಯಲ್ಲಿ ತುಳಿಯಲೇಬೇಡಿ.

ಇಲ್ಲಿಂದ ಬಲಕ್ಕೆ, ಎಡಕ್ಕೆ ನೀರು ಕಾಣಿಸಿಕೊಳ್ಳತೊಡಗುತ್ತದೆ. ಗಂಗಾಪುರ ಅಣೆಕಟ್ಟು ಗೋದಾವರಿಗೆ ಅಡ್ಡಲಾಗಿ ಕಟ್ಟಿದ ಉದ್ದನೆಯ ಮಣ್ಣಿನ ಏರಿ. ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟಿ 1465 ಕಿಲೋಮೀಟರ್ ಹರಿಯಬೇಕಾದ ನದಿಗೆ ಹುಟ್ಟಿದ ಕೂಡಲೇ ಹಾಕಿದ ಕಟ್ಟೆ. ನಾಸಿಕ್ ನಗರ ಕುಡಿಯುವ ನೀರು ಮುಖ್ಯವಾಗಿ ಇಲ್ಲಿನದು. ಮೇಲಕ್ಕೆ ಹೋದಂತೆ ಕಶ್ಯಪಿ, ಗೌತಮಿ ಎಂಬ ಇನ್ನೆರಡು ಕಟ್ಟೆಗಳಿವೆ, ಅವೂ ಇದೇ ಗುಂಪಿನವು. ಕೆಳಗೆ, ಪೈಠಣದ ಹತ್ತಿರ, ಜಾಯಕವಾಡಿ ಎಂಬ ದೊಡ್ಡ ಜಲಾಶಯವಿದೆ. ಬರಗಾಲದ ಮರಾಠವಾಡದ ಆಸೆಯೆಲ್ಲ ಅದರ ಮೇಲೆ. ಅಕ್ಟೋಬರ್ ಮಧ್ಯಕ್ಕೆ ಜಾಯಕವಾಡಿಯಲ್ಲಿ ನಿಗದಿಪಡಿಸಿದಷ್ಟು ನೀರು ಇಲ್ಲದಿದ್ದರೆ ಮೇಲಿನ ಕಟ್ಟೆಗಳಿಂದ ಬಿಡಬೇಕು ಎಂಬ ನಿಯಮವಿದೆ. 2023ರಲ್ಲೂ ಹಾಗೆ ಬಿಡಬೇಕಾಯಿತು. ಆಗ ನಾಸಿಕ್‌ನಲ್ಲಿ ರೈತರ ಧರಣಿ, ಕೋರ್ಟು, ಎಷ್ಟು ಟಿಎಂಸಿ ಎಂಬ ಲೆಕ್ಕ. ಆಗಸ್ಟ್ ಬಂತೆಂದರೆ ಕೆಆರ್‌ಎಸ್ ಮಟ್ಟ ಎಷ್ಟಾಯಿತು ಎಂದು ಪೇಪರಿನ ಮೂಲೆ ಹುಡುಕುವ ನಮಗೆ ಇದರಲ್ಲಿ ಯಾವ ಪದಕ್ಕೂ ಅರ್ಥ ಹೇಳಿಕೊಡಬೇಕಿಲ್ಲ. ಒಂದೇ ವ್ಯತ್ಯಾಸ: ಇಲ್ಲಿ ಮೇಲಿನವರೂ ಕೆಳಗಿನವರೂ ಒಂದೇ ರಾಜ್ಯದವರು, ಒಂದೇ ಭಾಷೆಯವರು. ಜಗಳಕ್ಕೆ ಭಾಷೆ ಬೇಕಿಲ್ಲ ಅನ್ನುವುದು ನನಗೆ ಗಂಗಾಪುರ ನೋಡಿಯೇ ಖಾತ್ರಿಯಾದದ್ದು.

ಹಿನ್ನೀರಿನ ಬದಿಯ ರಸ್ತೆ ಏರಿಳಿತದ್ದು. ದೊಡ್ಡ ಏರಲ್ಲ, ಆದರೆ ಸಾಲು ಸಾಲಾಗಿ ಬರುತ್ತವೆ. 34 ಹಲ್ಲಿನ ಮುಂದಿನ ಚಕ್ರ, ಹಿಂದೆ 32 ಇದ್ದರೆ ಯಾರಾದರೂ ಹತ್ತಬಹುದು. ಟೈರ್ 28 ಮಿಲಿಮೀಟರಿಗಿಂತ ಕಡಿಮೆಯದು ಬೇಡ, ಏಕೆಂದರೆ ತೋಟದಿಂದ ರಸ್ತೆಗಿಳಿಯುವ ಟ್ರ್ಯಾಕ್ಟರುಗಳು ಕಪ್ಪು ಮಣ್ಣಿನ ಹೆಂಟೆಗಳನ್ನು ಬಿಟ್ಟು ಹೋಗಿರುತ್ತವೆ. ಜೊತೆಗೆ ಜಾಲಿ ಮುಳ್ಳು. ಎರಡು ಟ್ಯೂಬ್ ಇಟ್ಟುಕೊಳ್ಳಿ, ಮೂರಾದರೆ ಇನ್ನೂ ಒಳ್ಳೆಯದು.

ಏಳೂವರೆ ಹೊತ್ತಿಗೆ ಗಿರ್ನಾರೆ ತಲುಪುತ್ತೇನೆ. ನಾನು ಈ ಅಂಕಣ ಬರೆಯಲು ಕೂತದ್ದು ನಿಜ ಹೇಳಬೇಕೆಂದರೆ ಗಿರ್ನಾರೆಗಾಗಿ.

ಟೊಮೆಟೊ ಮಾರುಕಟ್ಟೆ ಇರುವ ಸಣ್ಣ ಊರು. ಬೆಳಗಿನ ಹೊತ್ತು ಮುಖ್ಯ ರಸ್ತೆಯ ಎರಡೂ ಬದಿಯಲ್ಲಿ ನೂರಾರು ಜನ ನಿಂತಿರುತ್ತಾರೆ. ಗಂಡಸರ ಹೆಗಲಿಗೆ ಚೀಲ, ಕೆಲವರ ಜೇಬಿನಲ್ಲಿ ಸವರುವ ಕತ್ತರಿ. ಹೆಂಗಸರ ಕೈಯಲ್ಲಿ ಬುತ್ತಿಯ ಗಂಟು. ಹರ್ಸೂಲ್, ಪೇಠ, ತ್ರ್ಯಂಬಕ ಕಡೆಯ ಬೆಟ್ಟದ ಹಳ್ಳಿಗಳಿಂದ ಜೀಪು, ಪಿಕಪ್‌ಗಳಲ್ಲಿ ಇಳಿದು ಬಂದ ಕೋಕಣಾ, ಮಹಾದೇವ ಕೋಳಿ, ವಾರ್ಲಿ ಆದಿವಾಸಿಗಳು. ಇದು ಕೂಲಿ ನಾಕಾ. ತೋಟದವನು ಬಂದು ಮಾತಾಡುತ್ತಾನೆ, ಬೆರಳು ಎಣಿಸುತ್ತಾರೆ, ಎಂಟೋ ಹತ್ತೋ ಜನ ಪಿಕಪ್ ಹತ್ತುತ್ತಾರೆ. ಸವರುವ ಕೆಲಸವಾದರೆ ಗುಂಪಿಗೆ ಎಕರೆ ಲೆಕ್ಕದ ಗುತ್ತಿಗೆ. ಗೊನೆ ಕಟ್ಟುವ ಹೊತ್ತಿಗೆ ಬೇರೆ ಕೆಲಸ: ಒಂದೊಂದೇ ಎಳೆ ಗೊನೆಯನ್ನು ಔಷಧದ ನೀರು ತುಂಬಿದ ಮಗ್ಗಿನಲ್ಲಿ ಅದ್ದಿ ತೆಗೆಯಬೇಕು, ಕಾಯಿ ಉದ್ದವಾಗಲೆಂದು. ಒಂದು ಎಕರೆಯಲ್ಲಿ ಎಷ್ಟು ಗೊನೆ ಇರುತ್ತವೆ ಎಂದು ನೀವೇ ಯೋಚಿಸಿ, ಕೈ ಎತ್ತಿಯೇ ಮಾಡಬೇಕಾದ ಕೆಲಸ ಅದು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಮಳೆ ಜಾಸ್ತಿ ಇರುವಲ್ಲಿ ಅಡಿಕೆ ಇರುತ್ತದೆ, ಅಡಿಕೆ ಇರುವಲ್ಲಿ ಹೇಗೋ ಬದುಕು ನಡೆಯುತ್ತದೆ ಎಂಬುದು ನನ್ನ ತಲೆಯಲ್ಲಿ ಕೂತಿದ್ದ ಭೂಗೋಳ. ಈ ರಸ್ತೆ ಅದನ್ನು ತಲೆಕೆಳಗು ಮಾಡುತ್ತದೆ. ನಾಸಿಕ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಪೂರ್ವಕ್ಕೆ ನಿಫಾಡದ ಕಡೆ ಹೋದರೆ ಇನ್ನೂ ಕಡಿಮೆ. ಪಶ್ಚಿಮಕ್ಕೆ ಘಟ್ಟದ ಅಂಚಿನ ಇಗತ್ಪುರಿಯಲ್ಲಿ 3000ದ ಆಸುಪಾಸು. ಎಂದರೆ ಸೈಕಲ್ಲಿನಲ್ಲಿ ಎರಡು ಮೂರು ತಾಸು ತುಳಿಯುವಷ್ಟು ದೂರದೊಳಗೆ ಮಳೆ ನಾಲ್ಕು ಪಟ್ಟಾಗುತ್ತದೆ. ಕಡಿಮೆ ಮಳೆಯ ನಿಫಾಡ, ದಿಂಡೋರಿಯಲ್ಲಿ ದ್ರಾಕ್ಷಿ, ಬಂಗಲೆ, ಹೊಸ ಕಾರು. ಹೆಚ್ಚು ಮಳೆಯ ಬೆಟ್ಟದಿಂದ ಬೆಳಿಗ್ಗೆ ಜೀಪಿನಲ್ಲಿ ಇಳಿದು ಬರುವ ಜನ.

ಹೀಗೇಕೆ ಎಂದು ಒಮ್ಮೆ ನಾಕಾದ ಚಹಾ ಅಂಗಡಿಯಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸನ್ನು ಕೇಳಿದೆ. "ಮಾವಶಿ, ನಿಮ್ಮ ಕಡೆ ಅಷ್ಟು ಮಳೆ ಬರುತ್ತಲ್ಲ?" ಆಕೆ ನನ್ನ ಹೆಲ್ಮೆಟ್ಟು, ಬಿಗಿ ಚಡ್ಡಿ ನೋಡಿ ಮೊದಲು ನಕ್ಕಳು. ಆಮೇಲೆ, "ಬರುತ್ತೆ ದಾದಾ, ನಿಲ್ಲಲ್ಲ. ಹೋಳಿ ಕಳೆದ ಮೇಲೆ ಬಾವಿಯಲ್ಲಿ ಬರೀ ಕೆಸರು" ಎಂದಳು. ಭತ್ತ ಮತ್ತು ನಾಗಲಿ ಬೆಳೆಯುತ್ತಾರಂತೆ, ಮಳೆ ಮುಗಿದ ಮೇಲೆ ಏನೂ ಇಲ್ಲವಂತೆ. ನಾಗಲಿ ಎಂದರೆ ನಮ್ಮ ರಾಗಿ. ನಮ್ಮಲ್ಲೂ ರಾಗಿ ತಿನ್ನುತ್ತಾರೆ, ಮುದ್ದೆ ಮಾಡಿ ನುಂಗುತ್ತಾರೆ ಎಂದೆ. ಅಗಿಯದೆ ನುಂಗುವುದು ಎಂದಾಗ ಆಕೆಗೆ ನನ್ನ ಮರಾಠಿಯ ಮೇಲೆ ಅನುಮಾನ ಬಂತು.

ಆಕೆ ಹೇಳಿದ್ದು ಮುಂದಿನ ಇಪ್ಪತ್ತು ಕಿಲೋಮೀಟರಿನಲ್ಲಿ ಕಾಲಿಗೇ ಗೊತ್ತಾಗುತ್ತದೆ. ಧೋಂಡೆಗಾಂವ್ ದಾಟಿ ಕಶ್ಯಪಿಯ ನೀರು ಹಿಂದೆ ಸರಿದ ಮೇಲೆ ದ್ರಾಕ್ಷಿ ನಿಂತುಹೋಗುತ್ತದೆ. ಹನಿ ನೀರಾವರಿಯ ಕಪ್ಪು ಪೈಪುಗಳೂ ನಿಲ್ಲುತ್ತವೆ. ಮಣ್ಣು ತೆಳ್ಳಗಾಗಿ ಕಪ್ಪು ಬಂಡೆ ಹೊರಗೆ ಇಣುಕುತ್ತದೆ. ಇಳಿಜಾರು ಹೆಚ್ಚು, ಕೆಳಗೆ ಬಸಾಲ್ಟ್ ಕಲ್ಲು, ಬಿದ್ದ ನೀರು ಹಿಡಿದಿಡುವ ಮಣ್ಣಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಸುರಿದದ್ದೆಲ್ಲ ಹಳ್ಳ ಸೇರಿ, ಕಟ್ಟೆ ಸೇರಿ, ಅಲ್ಲಿಂದ ಕಾಲುವೆ, ಪೈಪು ಸೇರುತ್ತದೆ. ಘಟ್ಟದ ಆಚೆ ಬಿದ್ದದ್ದು ಸಮುದ್ರಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ಇದೇ ಹಳ್ಳಿಗಳ ಹೆಂಗಸರು ಕೊಡ ಹೊತ್ತು ಇಳಿದು ಹತ್ತುವುದನ್ನು ನೋಡಿದ್ದೇನೆ. ಟ್ಯಾಂಕರ್ ಬರುವ ದಿನ ರಸ್ತೆ ಬದಿಯಲ್ಲಿ ಕೊಡಗಳ ಸಾಲು. ನನ್ನ ಎರಡು ಬಾಟಲಿಗಳಲ್ಲಿ ಒಂದೂವರೆ ಲೀಟರ್ ಇರುತ್ತದೆ, ಅದನ್ನು ಆ ಹಳ್ಳಿಗಳಲ್ಲಿ ತುಂಬಿಸಿಕೊಳ್ಳಲು ನಾನು ಕೇಳುವುದಿಲ್ಲ, ಗಿರ್ನಾರೆಯಲ್ಲೇ ತುಂಬಿಸಿಕೊಂಡು ಹೋಗುತ್ತೇನೆ. ಬರುವವರು ನೀವೂ ಹಾಗೇ ಮಾಡಿ.

ತೋಟದವರ ಬಗ್ಗೆ ಕೆಟ್ಟ ಮಾತು ಹೇಳಲು ಇದನ್ನೆಲ್ಲ ಬರೆಯುತ್ತಿಲ್ಲ. ಅಕ್ಟೋಬರಿನಲ್ಲಿ ಸವರಿದ ಮೇಲೆ ಅಕಾಲ ಮಳೆ ಬಿದ್ದು ಎಲೆಗೆ ಬೂಷ್ಟು ರೋಗ ಹಿಡಿದರೆ, ದಿನ ಬಿಟ್ಟು ದಿನ ಔಷಧ ಹೊಡೆಯುತ್ತ ಸಾಲ ಎಣಿಸುವ ರೈತರನ್ನೂ ಇದೇ ರಸ್ತೆಯಲ್ಲಿ ಕಂಡಿದ್ದೇನೆ. ಆ ಕೂಲಿ ಇಲ್ಲದಿದ್ದರೆ ಬೆಟ್ಟದವರು ಇನ್ನೂ ದೂರ ಹೋಗಬೇಕಾಗುತ್ತಿತ್ತು ಎಂಬುದೂ ಖರೆ. ಆದರೆ ವೈನ್ ಪ್ರವಾಸದ ಬ್ರೋಷರುಗಳಲ್ಲಿ ಸೂರ್ಯಾಸ್ತ, ಹಿನ್ನೀರು, ಗ್ಲಾಸು ಇರುತ್ತವೆ. ಗಿರ್ನಾರೆ ಇರುವುದಿಲ್ಲ. ವೈನರಿಯ ಗೇಟಿನಿಂದ ಅದು ಎಂಟು ಹತ್ತು ಕಿಲೋಮೀಟರ್ ಅಷ್ಟೇ, ಪ್ರವಾಸಿಗಳ ಕಾರು ಅಲ್ಲಿಗೆ ಬಾರದೆ ತಿರುಗಿಬಿಡುತ್ತದೆ.

ವಾಘೇರಾ ಕೋಟೆಯ ಬುಡದಲ್ಲಿ ಘಾಟು ಶುರುವಾಗುತ್ತದೆ. ಸಾಗುವಾನಿ ಕಾಡು, ತಿರುವುಗಳು. ಎಡಕ್ಕೆ ದೂರದಲ್ಲಿ ಬ್ರಹ್ಮಗಿರಿ, ಸುಮಾರು 1300 ಮೀಟರ್. ಅದರ ಪಕ್ಕ ಅಂಜನೇರಿ. ಹನುಮಂತ ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ ನಾಸಿಕ್‌ನವರು. ಆನೆಗುಂದಿಯ ಅಂಜನಾದ್ರಿ ನೋಡಿ ಬಂದ ಕನ್ನಡಿಗ ಇಲ್ಲಿ ಬಾಯಿ ಮುಚ್ಚಿಕೊಂಡು ಗೇರ್ ಬದಲಿಸುವುದು ಕ್ಷೇಮ.

ಸೈಕಲ್ ವಿಷಯದಲ್ಲಿ ಈ ಊರಿಗೆ ತನ್ನದೇ ಗತ್ತಿದೆ. 2015ರಲ್ಲಿ ಇಲ್ಲಿನ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ ಅಮೆರಿಕವನ್ನು ಅಡ್ಡ ಹಾಯುವ ರೇಸ್ ಅಕ್ರಾಸ್ ಅಮೆರಿಕವನ್ನು ಇಬ್ಬರ ತಂಡವಾಗಿ ಮುಗಿಸಿದರು, ಒಂಬತ್ತು ದಿನದೊಳಗೆ ಸುಮಾರು 4800 ಕಿಲೋಮೀಟರ್. 2017ರಲ್ಲಿ ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಅದನ್ನೇ ಒಬ್ಬರೇ ಮುಗಿಸಿದ ಮೊದಲ ಭಾರತೀಯರಾದರು. ಇಲ್ಲಿನ ಸೈಕಲ್ ಸವಾರರು ವರ್ಷವರ್ಷ ಪಂಢರಪುರಕ್ಕೆ ಸೈಕಲ್ ವಾರಿಯನ್ನೂ ಹೋಗುತ್ತಾರೆ. ಹೀಗಾಗಿ ಬೆಳಿಗ್ಗೆ ಯಾವ ಚಹಾ ಅಂಗಡಿಯಲ್ಲಿ ನಿಂತರೂ ಮೂರು ಸೈಕಲ್ಲು ಗೋಡೆಗೊರಗಿರುತ್ತವೆ, ಅಪರಿಚಿತನಿಗೂ ಪಂಪು ಸಿಗುತ್ತದೆ.

ಬರುವುದಾದರೆ ಎರಡು ಕಾಲ ಒಳ್ಳೆಯದು. ನವೆಂಬರ್‌ನಿಂದ ಫೆಬ್ರವರಿ ತೋಟಕ್ಕೆ, ಆಗಸ್ಟ್ ಬೆಟ್ಟಕ್ಕೆ. ಮಳೆಗಾಲದಲ್ಲಿ ಹೋಗುವಾಗ ಪಡುವಣ ಗಾಳಿ ಎದೆಗೆ ಒದೆಯುತ್ತದೆ, ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ, ಏರು ತುಳಿದ ದಾರಿಯೆಲ್ಲ ಇಳಿಜಾರು. ಬೆಳಿಗ್ಗೆ ಎರಡು ತಾಸು ಹಿಡಿದದ್ದು ಒಂದೂಕಾಲು ತಾಸಿಗೆ ಮುಗಿಯುತ್ತದೆ. ಒಂಬತ್ತೂವರೆಗೆ ಗಿರ್ನಾರೆ ಮತ್ತೆ ದಾಟುವಾಗ ನಾಕಾ ಬಹುತೇಕ ಖಾಲಿ. ಆ ದಿನ ಕೆಲಸ ಸಿಗದ ಹತ್ತಿಪ್ಪತ್ತು ಜನ ಮಾತ್ರ ಅಂಗಡಿಗಳ ನೆರಳಿನಲ್ಲಿ ಕೂತು, ಹರ್ಸೂಲ್ ಕಡೆಗೆ ಹೋಗುವ ಜೀಪು ತುಂಬಲೆಂದು ಕಾಯುತ್ತಿರುತ್ತಾರೆ.