ರಸ್ತೆಯ ಕಥೆ ಹೇಳದ ಪ್ಯಾಕೇಜ್‌ಗೆ ಗೈಡ್ ಯಾಕೆ?

ಕುಣಿಗಲ್‌ನಿಂದ ಪಶ್ಚಿಮಕ್ಕೆ ಹೊರಟರೆ ಅದೇ ರಸ್ತೆ ಯಡಿಯೂರು, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಮಂಗಳೂರು ಸೇರುತ್ತದೆ. ರಾಷ್ಟ್ರೀಯ ಹೆದ್ದಾರಿ 75. ಹಾಗಾಗಿ ನಮ್ಮ ಗುಬ್ಬಿ, ಕುಣಿಗಲ್ ಕಡೆಯವರು ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ಮಂಗಳೂರಿನ ಸಮುದ್ರ ನೋಡಿ ಬರುವುದು ಹೊಸದೇನಲ್ಲ. ಈಗ ಅದಕ್ಕೆ ಇನ್ನೊಂದು ದಿನ ಸೇರಿಕೊಂಡಿದೆ. ಬೆಳಿಗ್ಗೆ ಮಂಗಳೂರು ಬಿಟ್ಟು, ಮಡಿಕೇರಿ ನೋಡಿ, ರಾತ್ರಿ ವಾಪಸ್ ಬರುವ 'ಒನ್ ಡೇ ಪ್ಯಾಕೇಜ್'. ಗೈಡ್ ಇರುತ್ತಾರೆ ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ.

ನಾವೂ ಹೋಗಿದ್ದೆವು. ಜೊತೆಗಿದ್ದವರು ಗುಬ್ಬಿ ತಾಲ್ಲೂಕಿನ ಒಂದು ಮಹಿಳಾ ಸಂಘದವರು. ಕೊಬ್ಬರಿ ಮಾರಿದ ದುಡ್ಡು, ಡೇರಿ ಬಟವಾಡೆ ದುಡ್ಡು ಉಳಿಸಿ ಹೊರಟವರು. ಅರ್ಧ ಜನ ಅರವತ್ತು ದಾಟಿದವರು.

ಮೊದಲು ಒಂದು ಲೆಕ್ಕ ಹೇಳುತ್ತೇವೆ. ಮಂಗಳೂರಿನಿಂದ ಮಡಿಕೇರಿಗೆ ಸುಮಾರು 140 ಕಿಲೋಮೀಟರ್. ಬಿ.ಸಿ. ರೋಡ್, ಪುತ್ತೂರು, ಸುಳ್ಯ, ಸಂಪಾಜೆ, ಆಮೇಲೆ ಘಾಟಿ. ತಿಂಡಿಗೆ ನಿಲ್ಲಿಸಿದ್ದೂ ಸೇರಿ ಹೋಗಲು ನಾಲ್ಕೂವರೆ ಗಂಟೆ ಹಿಡಿಯಿತು, ಬರಲು ನಾಲ್ಕು. ಅಂದರೆ ದಿನದ ಬಹುಪಾಲು ಗಾಡಿಯಲ್ಲೇ ಕಳೆಯಿತು. ಇಂಥ ಪ್ರವಾಸದಲ್ಲಿ ರಸ್ತೆಯೇ ಪ್ರವಾಸ. ರಸ್ತೆಯ ಬಗ್ಗೆ ಬಾಯಿ ಬಿಡದ ಗೈಡ್ ಇದ್ದರೆಷ್ಟು, ಬಿಟ್ಟರೆಷ್ಟು?

ನಮ್ಮ ಗೈಡ್ ಇಪ್ಪತ್ತೆರಡು ವರ್ಷದ ಹುಡುಗ. ಮೈಕ್ ಹಿಡಿದು ದಿನವಿಡೀ ಹೇಳಿದ್ದು ಒಂದೇ ಮಾತು: "ಇಪ್ಪತ್ತು ನಿಮಿಷ ಟೈಮು, ಲೇಟ್ ಮಾಡ್ಬೇಡಿ." ಅಬ್ಬಿ ಜಲಪಾತಕ್ಕೆ ಮೆಟ್ಟಿಲು ಇಳಿದು ಹತ್ತಬೇಕು ಅಂತ ಮೊದಲೇ ಹೇಳಲಿಲ್ಲ. ಮಂಡಿ ನೋವಿನ ನಾಲ್ವರು ದುಡ್ಡು ಕೊಟ್ಟೂ ಮೇಲೇ ಕೂತರು. ರಾಜಾಸೀಟ್‌ನಲ್ಲಿ ಫೋಟೋ ಆಯಿತು. ಓಂಕಾರೇಶ್ವರ ದೇವಸ್ಥಾನದಲ್ಲಿ ಕೈ ಮುಗಿದದ್ದಾಯಿತು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಆ ದೇವಸ್ಥಾನಕ್ಕೆ ಮಸೀದಿಯಂಥ ಗುಮ್ಮಟ ಯಾಕಿದೆ ಅಂತ ಒಬ್ಬರು ಕೇಳಿದರು. ಉತ್ತರ ಬರಲಿಲ್ಲ.

ಘಾಟಿ ಹತ್ತುವಾಗಲೂ ಹೀಗೇ ಆಗಿತ್ತು. ಕಿಟಕಿ ಪಕ್ಕ ಕೂತಿದ್ದ ಅಜ್ಜಿ, "ಏನಪ್ಪಾ, ಈ ಗುಡ್ಡ ಯಾಕಿಂಗೆ ಜರ್ಕೊಂಡೈತೆ?" ಅಂದರು. ಹುಡುಗ, "ಗೊತ್ತಿಲ್ಲ ಅಜ್ಜಿ, ಮಳೆಗಿರ್ಬೇಕು" ಅಂದ. ಮುಂದೆ ಟೀಗೆ ನಿಲ್ಲಿಸಿದಾಗ ಅಂಗಡಿಯವರೇ ಹೇಳಿದರು. 2018ರ ಆಗಸ್ಟ್ ಮಳೆಯಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಮನೆ, ತೋಟಗಳ ಮೇಲೆ ಜಾರಿದ್ದು, ಜನ ಸತ್ತದ್ದು, ಉಳಿದವರು ಶಿಬಿರ ಸೇರಿದ್ದು, ಇದೇ ಹೆದ್ದಾರಿ ಬಂದ್ ಆಗಿದ್ದು. ಟೀ ತಣ್ಣಗಾದರೂ ಯಾರೂ ಏಳಲಿಲ್ಲ. ಅಲ್ಲಿಂದ ಮುಂದೆ ಗಾಡಿಯಲ್ಲಿ ಅಂತ್ಯಾಕ್ಷರಿ ನಿಂತು ಎಲ್ಲರೂ ಕಿಟಕಿಯಾಚೆ ನೋಡತೊಡಗಿದರು. ಇಡೀ ದಿನದಲ್ಲಿ ಗೈಡ್ ಕೆಲಸ ಮಾಡಿದ್ದು ಆ ಟೀ ಅಂಗಡಿಯವರು ಮಾತ್ರ.

ಆ ರಸ್ತೆಯಲ್ಲಿ ಇನ್ನೊಂದು ಕಥೆಯೂ ಇದೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರ್ಕಾರ ಅಮರ ಸುಳ್ಯ ಸೀಮೆಯನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಿ ಅಂದಿತು. 1837ರಲ್ಲಿ ರೈತರು ದಂಗೆ ಎದ್ದರು. ಕೆದಂಬಾಡಿ ರಾಮಯ್ಯ ಗೌಡ, ಕಲ್ಯಾಣಸ್ವಾಮಿ ಮುಂತಾದವರ ಮುಂದಾಳತ್ವದಲ್ಲಿ ಸುಳ್ಯದಿಂದ ಮಂಗಳೂರಿಗೆ ನಡೆದು, ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿ, 13 ದಿನ ಊರನ್ನು ಹಿಡಿದಿಟ್ಟುಕೊಂಡರು. 2022ರಲ್ಲಿ ಅಲ್ಲೇ ರಾಮಯ್ಯ ಗೌಡರ ಪ್ರತಿಮೆ ನಿಲ್ಲಿಸಿದ್ದಾರೆ. ಕೊಬ್ಬರಿ ಬೆಲೆ ಬಿದ್ದಾಗ ಸಾಲದ ಕಂತಿಗೆ ನಗದು ಹೊಂದಿಸಲು ಪರದಾಡುವ ನಮ್ಮ ಹೆಂಗಸರಿಗೆ ಈ ಕಥೆ ಅರ್ಥವಾಗದೇ ಇರುತ್ತಿತ್ತೇ? ನಾವು ಇದನ್ನು ಓದಿ ತಿಳಿದದ್ದು ಊರಿಗೆ ಬಂದ ಮೇಲೆ.

ಹುಡುಗನನ್ನು ದೂರಿ ಫಲವಿಲ್ಲ. ಅವನು ಟ್ರಿಪ್ಪಿಗಿಷ್ಟು ಅಂತ ಕೂಲಿಗೆ ಬಂದವನು, ಊರೂ ಅದಲ್ಲ. ಗೈಡ್ ಹೆಸರಲ್ಲಿ ದುಡ್ಡು ವಸೂಲಿ ಮಾಡಿ, ಏನೂ ಕಲಿಸದೆ ಕಳಿಸಿದವರದು ತಪ್ಪು. ಸಂಪಾಜೆಯಲ್ಲಿ ಓದಿದ ಒಬ್ಬ ಹುಡುಗಿಗೆ ಒಂದು ದಿನದ ಸಂಬಳ ಕೊಟ್ಟು ಗಾಡಿ ಹತ್ತಿಸಿಕೊಂಡಿದ್ದರೆ ತಲೆಗೆ ಎಷ್ಟು ಹೆಚ್ಚು ಬೀಳುತ್ತಿತ್ತು? ಒಂದು ಎಳನೀರಿನ ದುಡ್ಡು.

ಹಾಗಂತ ನಮ್ಮ ಜಿಲ್ಲೆಯಲ್ಲಿ ಎಲ್ಲ ಸರಿಯಿದೆಯೇ? ಶನಿವಾರ, ಭಾನುವಾರ ದೇವರಾಯನದುರ್ಗಕ್ಕೆ ಬೆಂಗಳೂರಿನ ಕಾರು, ಬೈಕು ಸಾಲುಗಟ್ಟುತ್ತವೆ. ನಾಮದ ಚಿಲುಮೆಯಲ್ಲಿ ಸೆಲ್ಫಿ, ಬೆಟ್ಟದ ಮೇಲೆ ನರಸಿಂಹನ ದರ್ಶನ, ಮಂಗಗಳಿಗೆ ಬಿಸ್ಕತ್ತು, ಕೆಳಗೆ ಪ್ಲಾಸ್ಟಿಕ್ಕು. ಜಯಮಂಗಲಿ, ಶಿಂಷಾ ಎರಡೂ ಈ ಬೆಟ್ಟದಲ್ಲೇ ಹುಟ್ಟುತ್ತವೆ. ಒಂದು ಪೆನ್ನಾರ್ ಸೇರುತ್ತದೆ, ಇನ್ನೊಂದು ಕಾವೇರಿ. ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತದೆ. ನೀರು ಮಟ್ಟ ಮೀರಿದಾಗ ಗೇಟು ಎತ್ತದೆ ತಾನಾಗಿಯೇ ಹೊರಗೆ ಹರಿಸುವ ಸೈಫನ್ ಅಲ್ಲಿದೆ. ಬೆಟ್ಟದಿಂದ ಅಣೆಕಟ್ಟೆವರೆಗೆ, ಒಂದು ನದಿ ಹಿಡಿದು ಹೋದರೆ ಒಂದು ದಿನಕ್ಕೆ ಸರಿಯಾದ ಪ್ರವಾಸ. ಅದನ್ನು ಕರೆದುಕೊಂಡು ಹೋಗಿ ಹೇಳುವವರು ಯಾರು? ಡಿಗ್ರಿ ಮುಗಿಸಿ ಬೆಂಗಳೂರಿನ ಡೆಲಿವರಿ ಕೆಲಸಕ್ಕೆ ಹೋಗುತ್ತಿರುವ ನಮ್ಮ ಹುಡುಗರು ಹೇಳಬಹುದಲ್ಲವೇ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ದಾರಿಯಲ್ಲಿ ಬರುವ ಪಂಚಾಯಿತಿಗಳು ತಲಾ ಇಬ್ಬರನ್ನು ಆರಿಸಲಿ. ಪ್ರವಾಸೋದ್ಯಮ ಇಲಾಖೆ ಅವರಿಗೆ ತರಬೇತಿ, ಗುರುತಿನ ಚೀಟಿ, ನಿಗದಿತ ದಿನಗೂಲಿ ಕೊಡಲಿ. ಹೊರಗಿನಿಂದ ಬರುವ ಪ್ಯಾಕೇಜ್ ಗಾಡಿಗಳು ಅವರಲ್ಲೊಬ್ಬರನ್ನು ಕರೆದುಕೊಂಡೇ ಹೋಗಲಿ.

ಸಂಘದವರು ಮುಂದಿನ ಸಲ ಪ್ಯಾಕೇಜ್‌ಗೆ ಮುಂಗಡ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಗಾಡಿಯಲ್ಲಿ ಒಟ್ಟು ಎಷ್ಟು ಗಂಟೆ? ಎಲ್ಲೆಲ್ಲಿ ಮೆಟ್ಟಿಲಿದೆ? ಗೈಡ್ ಯಾವ ಊರಿನವರು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಗೈಡ್ ಲೆಕ್ಕದ ದುಡ್ಡು ಕಡಿಮೆ ಮಾಡಿಸಿಕೊಳ್ಳಿ. ಟೀ ಅಂಗಡಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರಿ.